ನುಸಿಯ ಒಕ್ಕಲು

ದಾಕ್ಷಾಯಣಿಯ ಹೊಟ್ಟೆಯಲ್ಲಿ ಎರಡನೆಯ ಕೂಸೂ ನಿಲ್ಲಲಿಲ್ಲ. ಮೊದಲನೆಯದು ಹತ್ತನೆಯ ವಾರಕ್ಕೆ ಹೋಗಿತ್ತು, ಇದು ಹನ್ನೊಂದನೆಯ ವಾರಕ್ಕೆ. ಧಾರವಾಡದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಗೋಡೆಯ ಕಡೆ ಮುಖ ಮಾಡಿ ಅವಳು ಮಲಗಿದ್ದಳು. ಬೆಳಗಿನ ಬಿಸಿಲು ಕಿಟಕಿಯಿಂದ ಇಳಿದು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ಗಂಡ ಮಹಾಂತೇಶ ತಾನು ಓಡಿಸುತ್ತಿದ್ದ ನವಲಗುಂದದ ವಿದ್ಯುತ್ ಬಸ್ಸನ್ನು ಅರ್ಧ ದಾರಿಯಲ್ಲಿ ಬೇರೆ ಚಾಲಕನಿಗೆ ಒಪ್ಪಿಸಿ, ಖಾಕಿ ಅಂಗಿಯಲ್ಲೇ ಓಡಿ ಬಂದಿದ್ದ.

ಕಸ್ತೂರಿ ತಂಗಿಯ ಕಾಲ ಬಳಿ ಕುಳಿತಿದ್ದಳು. ಅವಳಿಗೆ ನಲವತ್ತನಾಲ್ಕು, ತಂಗಿಗಿಂತ ಹನ್ನೊಂದು ವರ್ಷ ದೊಡ್ಡವಳು. ಊರಾಚೆಯ ಜೀವಕೋಶ ಸಂಶೋಧನಾ ಕೇಂದ್ರದಲ್ಲಿ ಹಿರಿಯ ವಿಜ್ಞಾನಿ.

"ಅಕ್ಕಾರ," ಅಂದ ಮಹಾಂತೇಶ, ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋಗಿ. "ಒಂದ್ ಸಲ ಆದ್ರ ದೈವ ಅಂತ ಸುಮ್ಮನಾಗಬಹುದು. ಎರಡನೇ ಸಲಾನೂ ಹಿಂಗ್ಯಾಕ? ನೀವು ಇಷ್ಟ ಓದೀರಿ. ನೀವರ ಹೇಳ್ರಿ."

"ನೋಡ್ತೀನಿ ಮಹಾಂತೇಶ. ನಾನ ಖುದ್ದ ನೋಡ್ತೀನಿ."

ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಬರಲು ಹದಿನೈದು ದಿನ. ಅದೂ ಅರ್ಧ ವರದಿ, ಏಕೆಂದರೆ ಕೂಸು ಹೆಣ್ಣೋ ಗಂಡೋ ಎಂಬುದನ್ನು ಕಾನೂನಿನಂತೆ ಅದರಲ್ಲಿ ಮರೆಮಾಚಿರುತ್ತಾರೆ. ಕಸ್ತೂರಿ ಡಾಕ್ಟರರನ್ನು ಕೇಳಿಕೊಂಡು, ದಾಕ್ಷಾಯಣಿಯ ಸಹಿ ಪಡೆದು, ಬೆರಳಿನ ಉಗುರಿನಷ್ಟು ಅಂಗಾಂಶವನ್ನು ಸಣ್ಣ ಸೀಸೆಯಲ್ಲಿ ಹಾಕಿಸಿಕೊಂಡಳು. ಮೊದಲ ಸಲದ ತುಣುಕು ಆಸ್ಪತ್ರೆಯ ಶೀತಲಪೆಟ್ಟಿಗೆಯಲ್ಲಿ ಹಾಗೇ ಇತ್ತು. ಅದನ್ನೂ ತೆಗೆದುಕೊಂಡಳು.

ತಂಗಿ ಸಹಿ ಹಾಕುವಾಗ ಕಾಗದದ ಕಡೆ ನೋಡಿರಲೇ ಇಲ್ಲ. ಅಕ್ಕ ತಂದ ಕಾಗದ, ಅಷ್ಟೇ ಸಾಕಿತ್ತು.

*

ಅವರ ಮನೆತನದಲ್ಲಿ ಹೆಣ್ಣಿನಿಂದ ಹೆಣ್ಣಿಗೆ ಒಂದು ರೋಗ ಇಳಿದು ಬಂದಿತ್ತು. ತಾಯಿಗೆ ಮೂವತ್ತು ದಾಟುತ್ತಿದ್ದಂತೆ ಕಣ್ಣ ರೆಪ್ಪೆಗಳು ಜೋತುಬಿದ್ದವು. ಆಮೇಲೆ ಕಿವಿ ಮಂದವಾಯಿತು, ಆಮೇಲೆ ತುತ್ತು ನುಂಗುವುದೂ ಕಷ್ಟವಾಯಿತು. ನಲವತ್ತೊಂದಕ್ಕೆ ಹೋದಳು. ಊರಿನವರು ಏನೇನೋ ಹೆಸರಿಟ್ಟರು. ಅಸಲು ಹೆಸರು ಕಸ್ತೂರಿಗೆ ತಿಳಿದದ್ದು ಎಂ.ಎಸ್ಸಿ. ಓದುವಾಗ, ಪ್ರೊಫೆಸರ್ ವಾದಿರಾಜ ಗಲಗಲಿಯವರ ತರಗತಿಯಲ್ಲಿ.

ಗಲಗಲಿಯವರು ಆ ದಿನ ಕಿಟಕಿಯ ಹೊರಗಿಂದ ಒಂದು ಬೇವಿನೆಲೆ ಹರಿದು ತಂದಿದ್ದರು.

"ಈ ಎಲಿ ಯಾರದು? ಮರದ್ದು ಅಂತೀರಿ. ಈ ಹಸರು ಯಾರದು? ಅದು ಮರದ್ದಲ್ಲ. ಒಂದು ಕಾಲಕ್ಕ ನೀರಾಗ ತೇಲಿಕೋತ, ಬಿಸಲು ಉಂಡು ತನ್ನಷ್ಟಕ್ಕ ಬದಕಿದ್ದ ಬ್ಯಾಕ್ಟೀರಿಯಾ ಅದು. ಗಿಡಗಳ ಮೂಲಪುರುಷ ಅದನ್ನ ನುಂಗಿದ, ಆದರ ಅರಗಿಸಿಕೊಳ್ಳಲಿಲ್ಲ. ನಿಮ್ಮೊಳಗಿನ ಮೈಟೊಕಾಂಡ್ರಿಯಾನೂ ಹಂಗ. ಉಂಡ ಅನ್ನ ಸುಟ್ಟು ಕಸುವು ಮಾಡಿಕೊಡೂ ಒಲಿಗಳು. ಸುಮಾರು ಇನ್ನೂರು ಕೋಟಿ ವರ್ಷದ ಹಿಂದ ಒಕ್ಕಲಾಗಿ ಬಂದವರು, ಇವತ್ತು ಮನಿಯವರಾಗ್ಯಾರ. ಆದರೂ ತಮ್ಮ ಡಿಎನ್‌ಎ ತಮ್ಮ ಹಂತೇಕನ ಇಟಗೊಂಡಾರ ನೋಡ್ರಿ, ಬ್ಯಾಕ್ಟೀರಿಯಾದಂಗ ಉಂಗರದ ಆಕಾರದ್ದು. ಬ್ಯಾಕ್ಟೀರಿಯಾದಂಗನ ನಡುವ ಸೀಳಿ ಎರಡಾಗ್ತಾವ. ಮತ್ತ ಅವು ಮಕ್ಕಳಿಗೆ ಬರೋದು ಅವ್ವನಿಂದ ಮಾತ್ರ. ಅಪ್ಪನ ಪಾಲು ಅದರಾಗ ಇಲ್ಲ."

ತರಗತಿ ಮುಗಿದ ಮೇಲೆ ಕಸ್ತೂರಿ ಅವರ ಕೋಣೆಗೆ ಹೋಗಿ ತಾಯಿಯ ಕಥೆ ಹೇಳಿದಳು. ಅವರು ಕೊನೆಯವರೆಗೂ ಕೇಳಿದರು. "ನಿಮ್ಮವ್ವನ ಒಲಿಗಳು ಕೆಟ್ಟಿದ್ದವು ಕಸ್ತೂರಿ," ಅಂದರು. "ನಿನ್ನ ಪಾಲಿಗೆ ಕೆಟ್ಟವು ಕಡಿಮಿ ಬಂದಾವ ಅಂತ ಕಾಣಸ್ತದ. ತಂಗಿ ಇದ್ದಾಳೇನು?"

ತಂಗಿ ಇದ್ದಳು. ಆಗ ಅವಳು ಜಿಲ್ಲಾ ಖೊಖೊ ತಂಡದಲ್ಲಿ ಆಡುತ್ತಿದ್ದ ಹುಡುಗಿ, ಯಾರ ಕೈಗೂ ಸಿಗದವಳು.

ಅಂದಿನಿಂದ ಇಪ್ಪತ್ತು ವರ್ಷ ಕಸ್ತೂರಿ ಅವರ ಜೊತೆಗೇ ಇದ್ದಳು. ಗಲಗಲಿಯವರ ತಲೆ ಹೊಕ್ಕಿದ್ದು ಒಂದೇ ಪ್ರಶ್ನೆ: ಒಮ್ಮೆ ಆದದ್ದು ಇನ್ನೊಮ್ಮೆ ಯಾಕೆ ಆಗಬಾರದು? ಕೆಟ್ಟ ಒಲೆಗಳಿರುವ ಜೀವಕೋಶಕ್ಕೆ ಹೊಸದೊಂದು ಬ್ಯಾಕ್ಟೀರಿಯಾವನ್ನು ಒಕ್ಕಲು ತಂದಿಟ್ಟರೆ? ಅದು ಕೊನೆಗೆ ಅವರಿಗೆ ಸಿಕ್ಕಿದ್ದು ಸ್ವಂತ ಮನೆಯ ಜೋಳದ ಚೀಲದ ನುಸಿಯಲ್ಲಿ. ಒಣಕಾಳು ತಿಂದು ಬದುಕುವ ಆ ಹುಳದ ಜೀವಕೋಶಗಳಲ್ಲಿ ಒಂದು ಬ್ಯಾಕ್ಟೀರಿಯಾ ನೆಲೆಸಿತ್ತು, ಮೈಟೊಕಾಂಡ್ರಿಯದ ಪೂರ್ವಜರ ದಾಯಾದಿ ವಂಶದ್ದು. ಹನ್ನೆರಡು ವರ್ಷ ಅದನ್ನು ಪಳಗಿಸಿದರು. ಮನುಷ್ಯನ ಜೀವಕೋಶದಲ್ಲಿ ಬಾಳಲು, ಮಿತಿ ಮೀರಿ ಬೆಳೆಯದಿರಲು, ಉಣ್ಣುವುದರಲ್ಲಿ ಅರ್ಧ ಮನೆಗೆ ಕೊಡಲು ಕಲಿಸಿದರು. ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು 'ಒಕ್ಕಲು' ಎಂದೇ ಕರೆಯುತ್ತಿದ್ದರು.

ಆ ವಂಶಕ್ಕೆ ಒಂದು ಕೆಟ್ಟ ಹೆಸರಿತ್ತು. ತಾಯಿಯ ಅಂಡದ ಮೂಲಕ ಮಾತ್ರ ಮುಂದಿನ ಪೀಳಿಗೆಗೆ ದಾಟುವ ಬ್ಯಾಕ್ಟೀರಿಯಾಗಳಿಗೆ ಗಂಡು ಎಂದರೆ ದಾರಿ ಮುಗಿದ ಊರು. ಹಾಗಾಗಿ ಅವುಗಳಲ್ಲಿ ಕೆಲವು, ಕೀಟಗಳ ಗಂಡು ಭ್ರೂಣಗಳನ್ನು ಮೊಟ್ಟೆಯಲ್ಲೇ ಕೊಂದುಬಿಡುತ್ತವೆ. ಕಸ್ತೂರಿ ಒಮ್ಮೆ ಅದನ್ನು ನೇರವಾಗಿಯೇ ಕೇಳಿದ್ದಳು.

"ಆ ಗುಣ ಇದರಾಗ ಐತೇನ್ರಿ ಸರ್?"

"ಇತ್ತು. ಆ ಜೀನ್ ಕತ್ತರಿಸಿ ಒಗದೀನವಾ," ಅಂದಿದ್ದರು ಗಲಗಲಿಯವರು.

ಅವಳು ಮತ್ತೆ ಕೇಳಲಿಲ್ಲ. ಇಲಿಗಳ ಪ್ರಯೋಗದ ವರದಿಯಲ್ಲಿ ಒಂದು ಸಾಲು ಇತ್ತು: 'ಒಂದು ಸೂಲಿನ ಮರಿಗಳ ಸಂಖ್ಯೆ ತುಸು ಕಡಿಮೆ, ಹುಟ್ಟಿದ ಮರಿಗಳೆಲ್ಲ ಆರೋಗ್ಯವಾಗಿವೆ.' ಆ ಸಾಲನ್ನೂ ಅವಳು ಓದಿ ಮುಂದೆ ಹೋದಳು. ಇಲಿಗಳ ವಿಭಾಗ ಪ್ರೊಫೆಸರರದು, ಜೀವಕೋಶಗಳ ವಿಭಾಗ ತನ್ನದು. ವರದಿಯ ಕೊನೆಯಲ್ಲಿ ಇಬ್ಬರ ಸಹಿಯೂ ಇತ್ತು.

ಮನುಷ್ಯರ ಮೇಲಿನ ಪರೀಕ್ಷೆಗೆ ಅನುಮತಿ ಬಂದಾಗ ದಾಕ್ಷಾಯಣಿಗೆ ಮೂವತ್ತು. ರೆಪ್ಪೆಗಳನ್ನು ಬೆರಳಿನಿಂದ ಎತ್ತಿ ಹಿಡಿದು ಟಿ.ವಿ. ನೋಡುತ್ತಿದ್ದಳು. ಶಾಲೆಯ ಮೈದಾನದಲ್ಲಿ ಶಿಳ್ಳೆ ಊದುವ ಆಟದ ಟೀಚರ್ ಕೆಲಸವನ್ನೂ ಬಿಟ್ಟಿದ್ದಳು. ತಂಗಿಯ ಹೆಸರನ್ನು ಪಟ್ಟಿಗೆ ಸೇರಿಸಿರೆಂದು ಕಸ್ತೂರಿ ಕೇಳಿದಾಗ ಗಲಗಲಿಯವರು ಬಹಳ ಹೊತ್ತು ಮೇಜಿನ ಮೇಲಿನ ಪೆನ್ನು ಹೊರಳಿಸುತ್ತ ಕುಳಿತರು.

"ನಿನ್ನ ತಂಗಿ ಬ್ಯಾಡ, ಕಸ್ತೂರಿ. ಬ್ಯಾರೆಯವರನ್ನ ತಗೊಳ್ಳೋಣ."

"ಯಾಕ್ರಿ ಸರ್? ಆಕಿಗಿಂತ ಬೇಕಾದವರು ಯಾರದಾರ? ಕೈ ಮುಗೀತೀನಿ."

ಅವರು ಕಾರಣ ಹೇಳಲಿಲ್ಲ. ಕೊನೆಗೆ "ಆಗಲಿ" ಅಂದರು.

ಸಲೈನಿನಂತೆ ನಾಲ್ಕು ತಾಸು ರಕ್ತಕ್ಕೆ ಬಿಟ್ಟರು. ಒಕ್ಕಲು ಮಾಂಸಖಂಡಗಳಿಗಷ್ಟೇ ಹೋಗುತ್ತದೆ, ಅಂಡಾಶಯದ ಹತ್ತಿರವೂ ಸುಳಿಯುವುದಿಲ್ಲ ಎಂದು ಒಪ್ಪಿಗೆಪತ್ರದಲ್ಲಿ ಅಚ್ಚಾಗಿತ್ತು. ಒಂದೇ ಎಚ್ಚರಿಕೆ: ಇಂಥಿಂಥ ಆ್ಯಂಟಿಬಯೊಟಿಕ್ ಗುಳಿಗೆಗಳನ್ನು ಎಂದಿಗೂ ತೆಗೆದುಕೊಳ್ಳಕೂಡದು, ತೆಗೆದುಕೊಂಡರೆ ಒಕ್ಕಲು ಸಾಯುತ್ತದೆ. ಐದು ತಿಂಗಳಿಗೆ ದಾಕ್ಷಾಯಣಿಯ ರೆಪ್ಪೆಗಳು ಎದ್ದವು. ಎಂಟು ತಿಂಗಳಿಗೆ ಅವಳು ಮತ್ತೆ ಮೈದಾನಕ್ಕೆ ಹೋದಳು, ಮಕ್ಕಳನ್ನು ಅಟ್ಟಾಡಿಸಿದಳು. ಆ ವರ್ಷ ಮಹಾಂತೇಶ ತನ್ನ ಬಸ್ಸಿನ ಮುಂಗಾಜಿನ ಮೇಲೆ ಗಲಗಲಿಯವರ ಫೋಟೋ ಅಂಟಿಸಿಕೊಂಡಿದ್ದ.

*

ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಕಸ್ತೂರಿ ಎರಡೂ ತುಣುಕುಗಳ ವರ್ಣತಂತುಗಳನ್ನು ತೆರೆಯ ಮೇಲೆ ಹರಡಿ ನೋಡಿದಳು. ಎಣಿಕೆ ಸರಿಯಿತ್ತು, ಮುರುಕಿಲ್ಲ, ದೋಷವಿಲ್ಲ. ಎರಡೂ ಗಂಡು.

ಎರಡಕ್ಕೆ ಎರಡು ಗಂಡಾಗುವುದು ದೊಡ್ಡ ಮಾತಲ್ಲ, ನಾಣ್ಯ ಎರಡು ಸಲ ಚಿಮ್ಮಿದರೆ ಎರಡೂ ಸಲ ಒಂದೇ ಮುಖ ಬೀಳುವುದುಂಟು. ಆದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳನ್ನು ನೋಡಿದಾಗ ಕಂಡದ್ದೇ ಬೇರೆ. ಭ್ರೂಣದ ಪ್ರತಿ ಜೀವಕೋಶದಲ್ಲೂ ಹಳದಿ ಚುಕ್ಕೆಗಳು ಮಿನುಗುತ್ತಿದ್ದವು. ಒಕ್ಕಲು. ಅಂಡಾಶಯದ ಹತ್ತಿರವೂ ಸುಳಿಯುವುದಿಲ್ಲ ಎಂದಿದ್ದದ್ದು ಹುಟ್ಟದ ಕೂಸಿನ ಮೈತುಂಬ ಕುಳಿತಿತ್ತು.

ಅವಳು ಎದ್ದು ಹಿತ್ತಲಿನ ಪ್ರಾಣಿಗೃಹಕ್ಕೆ ನಡೆದಳು. ವರ್ಷಕ್ಕೊಮ್ಮೆಯೂ ಅಲ್ಲಿಗೆ ಹೋದವಳಲ್ಲ. ಅಲ್ಲಿಯ ಮೇಲ್ವಿಚಾರಕ ಹುಸೇನಸಾಬ ನದಾಫ ಇಲಿಗಳ ಪಂಜರಕ್ಕೆ ಹೊಸ ಹೊಟ್ಟು ಹರಡುತ್ತಿದ್ದ. ಮೂವತ್ತು ವರ್ಷದ ನೌಕರಿ ಮುಗಿಸಿ ನಿವೃತ್ತಿಗೆ ಹತ್ತಿರ ಬಂದ ಮನುಷ್ಯ.

"ಹುಸೇನಸಾಬ್, ಒಕ್ಕಲು ಇರೂ ಇಲಿಗಳ ಮರಿ ನೋಡಬೇಕಾಗಿತ್ತು. ಗಂಡುಮರಿ ಯಾವ ಪಂಜರದಾಗ ಅದಾವ?"

ಅವನು ನಕ್ಕ. "ಚ್ಯಾಷ್ಟಿ ಮಾಡ್ತೀರೇನ್ರಿ ಮೇಡಂ? ಅವಕ್ಕ ಗಂಡು ಎಲ್ಲಿ ಹುಟ್ತಾವ್ರಿ?"

"ಅಂದ್ರ?"

"ಐದು ವರ್ಷ ಆತಲ್ರಿ. ಒಂದೂ ಗಂಡು ಹುಟ್ಟಿಲ್ಲ. ವಂಶ ಬೆಳಸಾಕ ಹೊರಗಿಂದ ಗಂಡು ತರಸ್ತೀವಿ, ನೋಡ್ರಿ ಈ ಮೂಲ್ಯಾಗಿನ ಪಂಜರದವು. ಮದಲ ಮದಲ ನನಗ ಅಂಜಿಕಿ ಬಂದಿತ್ತು, ನನ್ನ ಕೈತಪ್ಪಿಂದ ಏನರ ಆತೋ ಅಂತ. ಸಾಹೇಬರಿಗೆ ಹೇಳಿದೆ. ಅವರು, 'ಇದು ಕಸ್ತೂರಿ ಮೇಡಂಗ ಗೊತ್ತದ, ನೀ ಯಾರ ಮುಂದೂ ಅನಬ್ಯಾಡ' ಅಂದ್ರು." ಕೈಯಲ್ಲಿದ್ದ ಹೊಟ್ಟಿನ ಬುಟ್ಟಿಯನ್ನು ಅವನು ಮೆಲ್ಲಗೆ ಕೆಳಗಿಟ್ಟ. "ಮೇಡಂ? ನಿಮಗ ಗೊತ್ತಿತ್ತಲ್ರಿ?"

ಕಸ್ತೂರಿ ಪಂಜರದ ಸರಳು ಹಿಡಿದುಕೊಂಡಳು. ಒಳಗೆ ಹತ್ತಾರು ಬಿಳಿ ಇಲಿಗಳು, ಒಂದರ ಮೈಮೇಲೊಂದು, ಚೆನ್ನಾಗಿ ಉಂಡು ಬೆಳೆದವು. ಎಲ್ಲವೂ ಹೆಣ್ಣು.

ಗಲಗಲಿಯವರು ತಮ್ಮ ಕೋಣೆಯಲ್ಲಿ ಮಧ್ಯಾಹ್ನದ ಚಹಾ ಕುಡಿಯುತ್ತಿದ್ದರು. ಅರವತ್ತೆಂಟಾದರೂ ಬೆನ್ನು ಬಾಗಿರಲಿಲ್ಲ. ಅವಳ ಮುಖ ನೋಡಿ "ಕೂಡು" ಅಂದರು.

ಅವಳು ಕೂಡಲಿಲ್ಲ. "ಎಷ್ಟು ವರ್ಷದಿಂದ ಗೊತ್ತಿತ್ತ್ರಿ ಸರ್?"

'ಏನು?' ಎಂದು ಅವರು ಕೇಳಲಿಲ್ಲ. ಆ ಒಂದು ಪ್ರಶ್ನೆ ಅವರ ಬಾಯಿಂದ ಬರಲೆಂದು ಕಸ್ತೂರಿಯ ಜೀವ ಹಂಬಲಿಸುತ್ತಿತ್ತು. ಬರಲಿಲ್ಲ.

"ಮೊದಲಿಂದ," ಅಂದರು ಅವರು. "ಒಂದು ಜೀನ್ ಕತ್ತರಿಸಿದ್ದು ಖರೆ. ಇನ್ನೊಂದು ಎಲ್ಲೋ ಅಡಗಿ ಕೂತದ. ಇನ್ನೂ ಸಿಕ್ಕಿಲ್ಲ. ಇಲಿಯೊಳಗ ಆದದ್ದು ಮನುಷ್ಯಾರೊಳಗ ಆಗಲಿಕ್ಕಿಲ್ಲ ಅಂತ ಮಾಡಿದ್ದೆ."

"ಮಾಡಿದ್ರಿ. ಬರೀಲಿಲ್ಲ."

"ಬರದು ಕೊಟ್ಟಿದ್ರ ಅನುಮತಿ ಸಿಗ್ತಿದ್ದಿಲ್ಲ. ನಲವತ್ತೊಂದು ಮಂದಿಗೆ ಕೊಟ್ಟೇವಿ, ಅದರಾಗ ಇಪ್ಪತ್ತಾರು ಹೆಣ್ಣುಮಕ್ಕಳು. ಎಷ್ಟು ಮಂದಿ ಇವತ್ತು ಉಳೀತಿದ್ರು ಹೇಳು? ನಿನ್ನ ತಂಗಿ ಉಳೀತಿದ್ಲೇನು? ನಾ ತಕ್ಕಡ್ಯಾಗ ಇಟ್ಟು ನೋಡಿದೆ ಕಸ್ತೂರಿ. ಈ ಕಡೆ ಉಸಿರಾಡೂ ಹೆಂಗಸು. ಆ ಕಡೆ ಇನ್ನೂ ಕಣ್ಣು ತೆರೀದ ಭ್ರೂಣ."

"ತಕ್ಕಡಿ ಹಿಡೀರಿ ಅಂತ ನಿಮಗ ಯಾರು ಹೇಳಿದ್ರು? ಆಕಿಗೆ ಕೇಳಬಹುದಿತ್ತಲ್ಲ. ಆಕಿಗೆ ಬಾಯಿತ್ತು, ಇಲಿ ಅಲ್ಲ ಆಕಿ. 'ಬದುಕ್ತಿ, ಆದ್ರ ಗಂಡು ಹುಟ್ಟಂಗಿಲ್ಲ' ಅಂದಿದ್ರ ಆಕಿ ಹೂಂ ಅಂತಿದ್ಲೋ ಏನೋ. ಎರಡು ಸಲ ಹಂಗ ಗೋಡಿ ಕಡೆ ಮುಖ ಮಾಡಿ ಮಲಗೂದರ ತಪ್ಪತಿತ್ತು. ಹುಟ್ಟಿದ ಹೆಣ್ಣುಮಕ್ಕಳ ಗತಿ ಏನ್ರಿ? ಅವರ ಮೈಯಾಗೂ ಇದು ಬಂದಿರತೈತಿ. ಅವರಿಗೂ ಗಂಡು ನಿಲ್ಲಂಗಿಲ್ಲ. ಅವರ ಮಕ್ಕಳಿಗೂ."

"ಅಷ್ಟರಾಗ ದಾರಿ ಹುಡುಕತೀವಿ."

"ಅವತ್ತ ನೀವು 'ನಿನ್ನ ತಂಗಿ ಬ್ಯಾಡ' ಅಂದ್ರಿ. ನಿಮ್ಮ ಮನಸ್ಸಿಗೆ ಚುಚ್ಚಿತ್ತು ಅಂದಂಗಾತು. ಆಗರ ಕಾರಣ ಹೇಳಬಹುದಿತ್ತು."

ಗಲಗಲಿಯವರು ಚಹಾದ ಬಟ್ಟಲನ್ನು ಸರಿಸಿ ಮೊದಲ ಸಲ ಅವಳನ್ನು ನೇರವಾಗಿ ನೋಡಿದರು. "ಮದಲ ಹೇಳಿದ್ರ ನೀ ವರದಿಗೆ ಸಹಿ ಮಾಡ್ತಿದ್ದಿಲ್ಲ, ಆಗ ಹೇಳಿದ್ರ ಸಹಿ ಹಿಂದಕ್ಕ ತಗೋತಿದ್ದಿ. ನನ್ನ ಸಹಿಯಷ್ಟರಿಂದನ ಆ ಕಾಗದಾ ಮುಂದ ಹೋಗ್ತಿದ್ದಿಲ್ಲ. ಸಮಿತಿಯವರು ನಿನ್ನ ಮ್ಯಾಲೆ ಭರೋಸಾ ಇಟ್ಟಿದ್ರು."

ತಾಯಿ ಸತ್ತ ಮೇಲೆ ಕಸ್ತೂರಿಗೆ ಯಾರಾದರೂ ಹಿರಿಯರೆಂದಿದ್ದರೆ ಇವರೇ. ಇವರ ಮನೆಯಲ್ಲಿ ಉಂಡಿದ್ದಳು, ಇವರ ಅಕ್ಷರದಂತೆಯೇ ತನ್ನ ಅಕ್ಷರವನ್ನು ತಿದ್ದಿಕೊಂಡಿದ್ದಳು. ಇಪ್ಪತ್ತು ವರ್ಷದ ಕೊನೆಗೆ ಇವರಿಗೆ ಬೇಕಾಗಿದ್ದದ್ದು ಆ ಒಂದು ಸಹಿ. ಅವಳು ಬಾಗಿಲು ದಾಟುವಾಗ ಹಿಂದಿನಿಂದ ಅವರು ಕರೆದರು. ಅದೇ ಹಳೆಯ ಅಕ್ಕರೆಯ ದನಿ. "ಊಟ ಮಾಡೀಯಿಲ್ಲೋ?"

*

ಅವಳು ಆ ದಿನವೇ ತಂಗಿಯ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ.

ಎರಡು ಭ್ರೂಣ ಮತ್ತು ಒಂದು ಇಲಿಮನೆಯಿಂದ ಏನು ಸಿದ್ಧವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮೊದಲು ಉಳಿದ ಹೆಂಗಸರನ್ನು ವಿಚಾರಿಸಬೇಕು, ಪೂರ್ತಿ ಪುರಾವೆ ಕೈಗೆ ಬರಲಿ, ಅರೆಬೆಂದ ಮಾತು ಹೇಳಿ ತಂಗಿಯನ್ನು ಯಾಕೆ ಹೆದರಿಸುವುದು. ಉಳಿದ ಇಪ್ಪತ್ತೈದು ಹೆಂಗಸರಿಗೂ ಒಬ್ಬೊಬ್ಬರಂತೆ ಫೋನು ಮಾಡಿದಳು. ಗದಗ, ರೋಣ, ಬೈಲಹೊಂಗಲ, ಸಿಂದಗಿ. ಒಂಬತ್ತು ಮಂದಿ ಬಸುರಾಗಿದ್ದರು. ಹದಿಮೂರು ಗರ್ಭಗಳಲ್ಲಿ ಆರು ಹೆಣ್ಣು ಹುಟ್ಟಿದ್ದವು. ಏಳು ಮೂರು ತಿಂಗಳೊಳಗೇ ಹೋಗಿದ್ದವು. ಗಂಡು ಒಂದೂ ಇರಲಿಲ್ಲ. ಹೆಣ್ಣುಮಕ್ಕಳು ಆರೂ ಗುಂಡುಗುಂಡಾಗಿದ್ದವು. ತಾಯಿಯ ಕೆಟ್ಟ ಒಲೆಗಳ ಜೊತೆಗೆ ಒಕ್ಕಲೂ ಅವಕ್ಕೆ ಇಳಿದು ಬಂದಿತ್ತು.

ಇಷ್ಟು ತಿಳಿಯಲು ಎರಡು ತಿಂಗಳು ಹಿಡಿಯಿತು. ಅದೂ ಪೂರ್ತಿ ನಿಜವಲ್ಲ. ಮೂರನೆಯ ವಾರಕ್ಕೇ ಲೆಕ್ಕ ಸ್ಪಷ್ಟವಾಗಿತ್ತು. ಉಳಿದ ದಿನಗಳನ್ನು ಅವಳು ಮಾತು ಹುಡುಕುತ್ತ ಕಳೆದಳು.

ಒಂದು ಭಾನುವಾರ ಬೆಳಿಗ್ಗೆ ಮಾಳಮಡ್ಡಿಯಲ್ಲಿದ್ದ ತಂಗಿಯ ಮನೆಗೆ ಹೋದಾಗ ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಸಪ್ಪಳ ಓಣಿಯವರೆಗೂ ಕೇಳುತ್ತಿತ್ತು. ಅಕ್ಕನನ್ನು ನೋಡಿ ಹಿಟ್ಟಿನ ಕೈ ಕೊಡವಿದಳು.

"ನಾನ ಫೋನ್ ಮಾಡಾಕಿದ್ದೆ, ನೀನ ಬಂದಿ. ತಿಂಗಳ ತಪ್ಪೈತಿ ಅಕ್ಕಾ. ಆರನೇ ವಾರ ನಡದೈತಿ. ಈ ಸಲ ಬಿಡಂಗಿಲ್ಲ ನೋಡು, ಮಂಚ ಇಳಿಬ್ಯಾಡ ಅಂದ್ರೂ ಇಳಿಯಂಗಿಲ್ಲ."

ಮಹಾಂತೇಶ ಒಳಗಿನಿಂದ ನಗುತ್ತ ಬಂದ. ಕಸ್ತೂರಿ ಅವನನ್ನೂ ಕೂಡಿಸಿ, ಒಂದೂ ಬಿಡದೆ ಹೇಳಿದಳು. ಒಲೆಯ ಮೇಲಿದ್ದ ರೊಟ್ಟಿ ಕರಕಾಗಿ ಹೊಗೆ ತುಂಬಿತು. ಮಹಾಂತೇಶ ಎದ್ದು ಹೋಗಿ ಒಲೆ ಆರಿಸಿ ಬಂದ.

"ಅಂದ್ರ," ಅಂದಳು ದಾಕ್ಷಾಯಣಿ, "ನನ್ನ ಹೊಟ್ಟ್ಯಾಗ ಈಗಿರೂದು ಗಂಡಾದ್ರ ಹೋಗತೈತಿ. ಹೆಣ್ಣಾದ್ರ ಉಳೀತೈತಿ."

"ಹೂಂ."

"ಆ ಗುಳಿಗಿ ಅದಾವಲ್ಲ, ತಗೋಬ್ಯಾಡ್ರಿ ಅಂದಿದ್ರಲ್ಲ, ಅವನ್ನ ತಗೊಂಡ್ರ?"

"ಒಕ್ಕಲು ಸಾಯ್ತೈತಿ. ಕೂಸು ಗಂಡಾದ್ರ ಉಳೀಬಹುದು, ಅದೂ ಖಾತ್ರಿ ಇಲ್ಲ. ನೀ ಮಾತ್ರ ಮತ್ತ ಮದಲಿನಂಗ ಆಗ್ತಿ. ಬಸರಿ ಹೆಂಗಸು ಆ ಸ್ಥಿತಿಯಾಗ ಒಂಬತ್ತು ತಿಂಗಳ ತಾಳಂಗಿಲ್ಲ."

ಮಹಾಂತೇಶನ ದನಿ ಗಡಸಾಯಿತು. "ನನಗ ಗಂಡು ಬ್ಯಾಡ, ಹೆಣ್ಣೂ ಬ್ಯಾಡ್ರಿ. ಈಕಿ ಬೇಕು. ಗುಳಿಗಿ ಮಾತ ತಗೀಬ್ಯಾಡ್ರಿ ಈ ಮನ್ಯಾಗ."

ದಾಕ್ಷಾಯಣಿ ಗಂಡನ ಕಡೆ ನೋಡಲಿಲ್ಲ. ಅಕ್ಕನನ್ನೇ ನೋಡುತ್ತಿದ್ದಳು. "ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಾಗಿತ್ತು. "ಎರಡು ತಿಂಗಳಾತು," ಅಂದಳು ಕಸ್ತೂರಿ.

"ಎರಡು ತಿಂಗಳು." ದಾಕ್ಷಾಯಣಿ ಬೆರಳಿಗಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯತೊಡಗಿದಳು. "ಇದು ಕಟ್ಟಿ ಆರು ವಾರ."

"ಪೂರಾ ಖಾತ್ರಿ ಮಾಡಿಕೊಂಡು..."

"ನನಗ ಖಾತ್ರಿ ಬೇಕಾಗಿದ್ದಿಲ್ಲ ಅಕ್ಕಾ. 'ಸ್ವಲ್ಪ ತಡಿ' ಅಂದಿದ್ರ ಸಾಕಿತ್ತು. ಅವತ್ತ ಆ ಔಷಧದ ಕಾಗದಕ್ಕ ಸಹಿ ಮಾಡುವಾಗ ನಾ ಓದೀನೇನು? ನಿನ್ನ ಮಾರಿ ಓದಿದ್ದೆ. ಪ್ರೊಫೆಸರ್ ಯಾರು ನನಗ? ಅವರು ಮೋಸ ಮಾಡಿದ್ರ ಮಾಡಿದ್ರು, ಊರಾಗ ಅಂಥವರು ಬಹಳ ಮಂದಿ ಅದಾರ. ಅವರು ಮೂರು ವರ್ಷ ಮುಚ್ಚಿಟ್ರು, ನೀ ಎರಡು ತಿಂಗಳ ಮುಚ್ಚಿಟ್ಟಿ. ನನಗ ನಿನ್ನ ಎರಡು ತಿಂಗಳನ ದೊಡ್ಡದು." ಅವಳು ಎದ್ದು ನಿಂತಳು. "ಹೋಗು ಇನ್ನ. ಇನ್ನ ಆರು ವಾರ ನಾ ದಿನಾ ಬೆಳಿಗ್ಗೆ ಎದ್ದು, ಇವತ್ತ ಐತೋ ಇಲ್ಲೋ ಅಂತ ನೋಡಿಕೋಬೇಕು. ಆ ಹೊತ್ತಿನಾಗ ನೀ ನನ್ನ ಮುಂದಿರಬ್ಯಾಡ."

ಮಹಾಂತೇಶ ಬಾಗಿಲವರೆಗೆ ಬಂದ.

*

ಕಸ್ತೂರಿ ಮರುದಿನವೇ ಅನುಮತಿ ಕೊಟ್ಟ ಸಮಿತಿಗೆ ಬರೆದಳು. ಉಳಿದ ಇಪ್ಪತ್ತೈದು ಹೆಂಗಸರಿಗೂ ಕನ್ನಡದಲ್ಲಿ, ಕೈಬರಹದಲ್ಲಿ ಪತ್ರ ಕಳಿಸಿದಳು. ಚಿಕಿತ್ಸೆ ನಿಂತಿತು, ವಿಚಾರಣೆ ಕೂತಿತು.

ಗಲಗಲಿಯವರು ಸಮಿತಿಯ ಮುಂದೆ ನೆಟ್ಟಗೆ ಕುಳಿತು, ಅವಳ ಕಡೆ ತಿರುಗದೆ, "ಇಲಿಗಳ ಮಾಹಿತಿಯನ್ನು ಜೋಡಿಸಿ ವರದಿಗೆ ಸಹಿ ಹಾಕಿದವರಲ್ಲಿ ಡಾಕ್ಟರ್ ಕಸ್ತೂರಿಯೂ ಒಬ್ಬರು. ಅವರಿಗೆ ಎಲ್ಲವೂ ತಿಳಿದಿತ್ತು," ಅಂದರು. ಅವಳಿಗೆ ಸಿಟ್ಟು ಬರಲಿಲ್ಲ. ಮೇಜಿನ ಮೇಲಿದ್ದ ವರದಿಯಲ್ಲಿ ತನ್ನ ಸಹಿಯನ್ನು ನೋಡಿದಳು. ಆಮೇಲೆ ಹುಸೇನಸಾಬನನ್ನು ಕರೆದರು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. "ಮೇಡಂಗ ಗೊತ್ತದ ಅಂತ ಸಾಹೇಬರು ಹೇಳಿದ್ದು ಖರೇರಿ," ಅಂದ. "ಆದ್ರ ಮೇಡಂ ಅವತ್ತ ಪಂಜರದ ಮುಂದ ನಿಂತಾಗ ನಾ ಮಾರಿ ನೋಡೀನಿ. ಗೊತ್ತಿದ್ದವರ ಮಾರಿ ಹಂಗ ಇರಂಗಿಲ್ಲರಿ." ಮೊದಲ ಮಾತು ಕಡತಕ್ಕೆ ಹೋಯಿತು. ಎರಡನೆಯದನ್ನು 'ಅಭಿಪ್ರಾಯ' ಎಂದು ಬಿಟ್ಟರು.

ತೀರ್ಪಿನಲ್ಲಿ ಇಬ್ಬರನ್ನೂ ಸಂಶೋಧನೆಯಿಂದ ದೂರವಿಟ್ಟರು. ಗಲಗಲಿಯವರು ಆಗಲೇ ನಿವೃತ್ತಿಯ ವಯಸ್ಸು ದಾಟಿದವರು. ಕೆಲಸ ಹೋದದ್ದು ಅವಳದು.

ಬಂದ ಫೋನುಗಳಲ್ಲಿ ಅರ್ಧ ಬೈಗುಳ. ರೋಣದ ಹೆಂಗಸೊಬ್ಬಳು ಅಳುತ್ತ ಹೇಳಿದಳು: "ನನ್ನ ತಂಗಿ ಸರದಿಯಾಗಿದ್ಲು ಬಾಯಾರ. ಗಂಡು ಬ್ಯಾಡಾಗಿತ್ತು ಆಕಿಗೆ, ಜೀವ ಬೇಕಾಗಿತ್ತು. ನೀವು ಬಾಯಿ ತಗದ್ರಿ, ಔಷಧ ನಿಂತು ಹೋತು." ಕಸ್ತೂರಿ ಆ ರಾತ್ರಿಯೇ ಕಾಗದ ತೆಗೆದುಕೊಂಡು ಕುಳಿತಳು. ಎಲ್ಲವನ್ನೂ ತಿಳಿಸಿ, ಕೇಳಿ, ಒಪ್ಪಿದವರಿಗೆ ಮಾತ್ರ ಕೊಡಲು ಅವಕಾಶವಿರಲಿ ಎಂದು ಸಮಿತಿಗೆ ಇನ್ನೊಂದು ಅರ್ಜಿ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ.

ತಂಗಿಯ ಮನೆಯಿಂದ ಸುದ್ದಿಯಿರಲಿಲ್ಲ. ಎಂಟನೆಯ ವಾರ, ಹತ್ತನೆಯ ವಾರ, ಹನ್ನೆರಡನೆಯ ವಾರ ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು. ಒಂದು ದಿನ ಹಳೇ ಬಸ್ ನಿಲ್ದಾಣದ ಹತ್ತಿರ ನಿಂತಿದ್ದಾಗ ಒಂದು ಬಸ್ಸು ಅವಳ ಮುಂದೆಯೇ ಬಂದು ನಿಂತು ಬಾಗಿಲು ತೆರೆಯಿತು.

"ಹತ್ರಿ ಅಕ್ಕಾರ," ಅಂದ ಮಹಾಂತೇಶ.

ಅವಳು ಅವನ ಹಿಂದಿನ ಸೀಟಿನಲ್ಲಿ ಕುಳಿತಳು. ಗಾಜಿನ ಮೇಲೆ ಫೋಟೋ ಇರಲಿಲ್ಲ, ಅಂಟಿನ ಕಲೆಯಷ್ಟೇ ಇತ್ತು. ಎರಡು ನಿಲ್ದಾಣ ದಾಟಿದ ಮೇಲೆ ಅವನು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಹೇಳಿದ.

"ಐದನೇದು ನಡದೈತ್ರಿ. ಒದೆಯಾಕ ಹತ್ತೈತಿ."

ಐದನೆಯ ತಿಂಗಳು ನಡೆದಿದೆ ಎಂದರೆ ಏನರ್ಥ ಎಂಬುದು ಇಬ್ಬರಿಗೂ ಗೊತ್ತಿತ್ತು. ಯಾವ ಡಾಕ್ಟರೂ ಹೇಳಬಾರದ ಮಾತನ್ನು ಹೊಟ್ಟೆಯೇ ಹೇಳಿಬಿಟ್ಟಿತ್ತು. ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ನಿಲ್ದಾಣ ಬಂದಾಗ ಅವನು "ನಾ ಹೇಳೀನಿ ಅಂತ ಆಕಿಗೆ ಗೊತ್ತಾಗೂದು ಬ್ಯಾಡ" ಅಂದ.

ಕೂಸು ಹುಟ್ಟಿದ್ದು, ತೊಟ್ಟಿಲಿಗೆ ಹಾಕಿದ್ದು, ಹೆಸರಿಟ್ಟಿದ್ದು ಯಾವುದಕ್ಕೂ ಕಸ್ತೂರಿಗೆ ಕರೆ ಬರಲಿಲ್ಲ. ಕೂಸಿಗೆ ನಾಲ್ಕು ತಿಂಗಳಾದಾಗ, ಒಂದು ಸಂಜೆ, ಬಾಗಿಲು ತಟ್ಟಿದ ಸಪ್ಪಳವಾಯಿತು. ಹೊಸಿಲಾಚೆ ದಾಕ್ಷಾಯಣಿ ನಿಂತಿದ್ದಳು, ಕಂಕುಳಲ್ಲಿ ಕೂಸು. ಗಲ್ಲ ತುಂಬಿದ, ದೊಡ್ಡ ಕಣ್ಣಿನ ಹುಡುಗಿ. ರೆಪ್ಪೆಗಳು ಅಗಲವಾಗಿ ತೆರೆದಿದ್ದವು.

ಕಸ್ತೂರಿ ಕೈ ಚಾಚಿದಳು. ದಾಕ್ಷಾಯಣಿ ಕೊಡಲಿಲ್ಲ.

"ಒಳಗ ಬಾ."

"ಒಳಗ ಬರಾಕ ಬಂದಿಲ್ಲ. ಒಂದ್ ಮಾತ ಹೇಳಾಕ ಬಂದೀನಿ. ಈಕಿಗೆ ಹದಿನೆಂಟು ತುಂಬತೈತಲ್ಲ, ಅವತ್ತ ನೀ ಹೇಳಬೇಕು. ನಾ ಹೇಳಂಗಿಲ್ಲ, ಈಕಿ ಅಪ್ಪಾನೂ ಹೇಳಂಗಿಲ್ಲ. ಈಕಿ ಮೈಯಾಗ ಏನೈತಿ, ಅದು ಎಲ್ಲಿಂದ ಬಂತು, ಈಕಿ ಹೊಟ್ಟ್ಯಾಗ ಗಂಡು ಯಾಕ ನಿಲ್ಲಂಗಿಲ್ಲ, ಯಾರು ಮುಚ್ಚಿಟ್ರು, ಎಷ್ಟ ದಿನ ಮುಚ್ಚಿಟ್ರು. ಎದುರಿಗೆ ಕೂತು, ಕಣ್ಣಾಗ ಕಣ್ಣಿಟ್ಟು, ಎಲ್ಲಾ ಹೇಳಬೇಕು. ನಿನ್ನ ಎರಡು ತಿಂಗಳಾನೂ ಸೇರಿಸಿ."

"ಹೇಳ್ತೀನಿ."

"ಅಲ್ಲೀತನಕಾ ಬದಕಿರಬೇಕು ನೀ."

"ಹೂಂ," ಅಂದಳು ಕಸ್ತೂರಿ. ಆಮೇಲೆ ತಡೆಯಲಾಗದೆ ಕೇಳಿದಳು, "ಹೆಸರೇನಿಟ್ಟೀರಿ?"

ದಾಕ್ಷಾಯಣಿ ಕೂಸನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. "ಅವತ್ತ ಆಕೀನ ಹೇಳ್ತಾಳ, ಬೇಕಂದ್ರ," ಅಂದವಳು ತಿರುಗಿ ನಡೆದಳು.

ಕಸ್ತೂರಿ ಓಣಿ ಖಾಲಿಯಾಗುವವರೆಗೂ ನಿಂತಿದ್ದು ಒಳಗೆ ಬಂದಳು. ಒಂದು ಹಾಳೆ ತೆಗೆದುಕೊಂಡು ಮೇಜಿನ ಮುಂದೆ ಕುಳಿತಳು. ಹೆಸರು ಗೊತ್ತಿಲ್ಲದ ಆ ಹುಡುಗಿಗೆ ಹೇಳಬೇಕಾದದ್ದನ್ನು, ಮರೆಯುವ ಮೊದಲು, ಬರೆಯತೊಡಗಿದಳು. 'ನಿನ್ನ ತಾಯಿಗೆ ಮೋಸ ಮಾಡಿದವರು' ಎಂದು ಬರೆದು ಅದರ ಮುಂದೆ ಪ್ರೊಫೆಸರರ ಹೆಸರು ಬರೆದಳು. ಆಮೇಲೆ ಅದನ್ನು ಹೊಡೆದು ಹಾಕಿ, ಮೊದಲು ತನ್ನ ಹೆಸರು ಬರೆದಳು.